ನಲವತ್ತೇಳು ಎಂಬಿ, ನಾರ್ಮಲ್ ಡೆಲಿವರಿ

"ಫ್ಯಾನ್ ಆರಿಸು," ಎಂದರು ಸಿಸ್ಟರ್.

ಜೂನ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಕಾಶಿಯ ಸೋನಾರ್‌ಪುರದ ರಸ್ತೆಯಲ್ಲಿ ನನ್ನ ಅಂಗಡಿ, ಎಂಟಡಿ ಅಗಲ, ಹತ್ತಡಿ ಉದ್ದ. ಅದರೊಳಗೆ ಝೆರಾಕ್ಸ್ ಮೆಷಿನ್, ಕಂಪ್ಯೂಟರ್, ಪಾಸ್‌ಪೋರ್ಟ್ ಫೋಟೋ ತೆಗೆಯುವ ನೀಲಿ ಪರದೆ, ನಾನು, ಸಿಸ್ಟರ್, ಆಧಾರ್ ಕಾರ್ಡಿನ ನಕಲು ಬೇಕೆಂದು ಬಂದ ಒಬ್ಬ ಘಾಟಿನ ಪೂಜಾರಿ ಪಂಡಾ, ಫೋಟೋ ತೆಗೆಸಿಕೊಳ್ಳಲು ಬಂದ ಗಂಡ ಹೆಂಡತಿ. ಫ್ಯಾನ್ ಒಂದೇ.

"ಕಂಪ್ಯೂಟರಿಗೆ ಕಿವಿ ಇಲ್ರಿ ಸಿಸ್ಟರ್. ಅದು ಒಳಗಿಂದೊಳಗ ಹಾಡಿನ ಫೈಲ್ ಮಾಡ್ತದ. ನಾವಿಲ್ಲಿ ಡೋಲು ಬಡದ್ರೂ ಅದಕ್ಕ ಗೊತ್ತಾಗಂಗಿಲ್ಲ."

"ಕಿವಿ ಇಲ್ದದ್ದಕ್ಕ ಹಾಡು ಹೆಂಗ ತಿಳೀತು? ಆರಿಸೋ."

ಆರಿಸಿದೆ. ಪರದೆಯ ಮೇಲೆ ಹಸಿರು ಪಟ್ಟಿ ನಲವತ್ತು ಪರ್ಸೆಂಟಿನಲ್ಲಿ ನಿಂತು ಉಸಿರು ಬಿಡುತ್ತಿತ್ತು. ಸಿಸ್ಟರ್ ಚಪ್ಪಲಿ ಬಿಟ್ಟು ಸ್ಟೂಲಿನ ಮೇಲೆ ಕುಳಿತು ಪಟ್ಟಿಯನ್ನೇ ನೋಡುತ್ತಿದ್ದರು. ಪಂಡಾನ ಫೋನು ಬಡಿದುಕೊಂಡಿತು, ಗಂಟೆ ಶಂಖ ಎಲ್ಲ ಇದ್ದ ಆರತಿಯ ರಿಂಗ್‌ಟೋನ್. ಸಿಸ್ಟರ್ ತಿರುಗಿ ಅವನನ್ನು ನೋಡಿದರು, ಅಷ್ಟೇ. ಮೂವತ್ತು ವರ್ಷ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಗಂಡಂದಿರನ್ನು ಹೊರಗೆ ಹಾಕಿದ ನೋಟ ಅದು. ಪಂಡಾ ಫೋನನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಕುಳಿತ.

ಪಟ್ಟಿ ತುಂಬಿತು. ಸಿಸ್ಟರ್ ಸೀರೆಯ ಮೇಲೆ ಪಿನ್ನಿನಿಂದ ಚುಚ್ಚಿಕೊಂಡಿದ್ದ ಗಡಿಯಾರವನ್ನು ತಿರುವಿ ನೋಡಿ ನೋಟ್‌ಬುಕ್ ತೆಗೆದರು.

"ಎರಡು ಗಂಟೆ ಹದಿನಾಲ್ಕು ನಿಮಿಷ. ತೂಕ?"

"ಮೂವತ್ತೊಂದು ಎಂಬಿ."

"ಒಮ್ಮೆ ಅಳಿಸಿ ತೋರಿಸು."

ಅಂದರೆ ಮೊದಲ ಐದು ಸೆಕೆಂಡು ಬಾರಿಸಿ ತೋರಿಸು ಎಂದು. ಹುಟ್ಟಿದ್ದು ಅತ್ತರೆ ಸಾಕು, ಪೂರ್ತಿ ಕೇಳುವುದು ಮನೆಯಲ್ಲಿ. ಬಾರಿಸಿದೆ, ಕೊಳಲಿನಂಥದ್ದೇನೋ ಕೀಂ ಎಂದಿತು. ಸಿಸ್ಟರ್ ತೃಪ್ತಿಯಿಂದ ತಿರುಗಿ, ಬೆವರು ಸುರಿಸುತ್ತಿದ್ದ ಮೂವರಿಗೂ ಹಿಂದಿಯಲ್ಲಿ ಹೇಳಿದರು, "ಜಚ್ಚಾ ಬಚ್ಚಾ ದೋನೋ ಠೀಕ್." ತಾಯಿ ಮಗು ಇಬ್ಬರೂ ಕ್ಷೇಮ. ಫೋಟೋಗೆ ಬಂದ ಹೆಂಗಸು ಯಾರಿಗೆ ಏನಾಯಿತೆಂದು ತಿಳಿಯದಿದ್ದರೂ "ಬಧಾಯಿ ಹೋ" ಎಂದು ಅಭಿನಂದಿಸಿದಳು.

ಆಮೇಲೆ ಫ್ಯಾನ್ ಹಾಕಲು ಅಪ್ಪಣೆಯಾಯಿತು.

ಇಲ್ಲಿಯ ಕನ್ನಡ ಸಂಘದವರು ಸಿಸ್ಟರ್ ಬಗ್ಗೆ ಬರೆದುಕೊಡು ಎಂದಿದ್ದಾರೆ. ಹುಟ್ಟಿದ ಊರು, ಸೇವೆಗೆ ಸೇರಿದ ವರ್ಷ, ಸಂದ ಮಾನ ಸನ್ಮಾನ ಎಲ್ಲ ಇರಬೇಕಂತೆ. ನನಗೆ ಅದು ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಗದಗಿನ ಕಡೆಯವರು, ಮದುವೆಯಾಗಿರಲಿಲ್ಲ, ಇಲ್ಲಿಯ ಯೂನಿವರ್ಸಿಟಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದರು, ಊರಿಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಕೇಳಿದರೆ "ಅಲ್ಲಿ ಯಾರ ಹಡೀತಾರ ಈಗ, ಎಲ್ಲಾರೂ ಹುಬ್ಬಳ್ಳಿಗೆ ಹೋಗ್ತಾರ" ಎನ್ನುತ್ತಿದ್ದರು. ಅವರ ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ನಾನೂ ಇಲ್ಲಿ ಅದನ್ನು ಬರೆಯುವುದಿಲ್ಲ. ಅವರಿಗೆ ಇಷ್ಟವಾಗುತ್ತಿರಲಿಲ್ಲ.

ರಿಟೈರ್ ಆಗುವಾಗ ಒಬ್ಬ ಡಾಕ್ಟರು ವರ್ಗವಾಗಿ ಹೋಗುತ್ತ ತಮ್ಮ ಹಳೆಯ ಕಂಪ್ಯೂಟರನ್ನು ಇವರಿಗೆ ಬಿಟ್ಟುಹೋದರು. ಅದರಲ್ಲಿ ಸಂಗೀತ ಮಾಡುವ ಒಂದು ಪುಕ್ಕಟೆ ಸಾಫ್ಟ್‌ವೇರ್ ಇತ್ತು. ತೆರೆದರೆ ಗ್ರಾಫ್ ಕಾಗದದಂತೆ ಅಡ್ಡ ಉದ್ದ ಗೆರೆ. ಚೌಕದಲ್ಲಿ ಒತ್ತಿದರೆ ಒಂದು ಸ್ವರ. ಮೇಲೆ ಒತ್ತಿದರೆ ಮೇಲಿನ ಸ್ವರ. ಸಿಸ್ಟರಿಗೆ ಸರಿಗಮ ಬರುತ್ತಿರಲಿಲ್ಲ. "ಅದೇನ ಬೇಕು? ಇದು ಜ್ವರದ ಚಾರ್ಟ್ ಐತಿ ತಮ್ಮಾ. ಮೂವತ್ತು ವರ್ಷ ತುಂಬೀನಿ." ಹಾಗೇ ತುಂಬಿದರು. ಹಾಡು ಮಾಡುವಾಗ ಅವರ ಮಾತೂ ಹಾಗೇ. "ಇಲ್ಲಿ ನೂರಾ ಮೂರಕ್ಕ ಹೋಗ್ಬೇಕು, ಆಮ್ಯಾಲೆ ಬೆವತು ಇಳೀಬೇಕು." "ಇದು ಭಾಳ ಹೊತ್ತು ನೂರರಾಗ ನಿಂತೈತಿ, ಟೈಫಾಯ್ಡ್ ಆಗ್ತದ, ತಗಿ."

ಆ ಕಂಪ್ಯೂಟರಿನಲ್ಲಿ ಡಿಸ್ಕ್ ಬರೆಯುವ ಡ್ರೈವ್ ಸತ್ತಿತ್ತು. ಹಾಡಿನ ಫೈಲನ್ನು ಮಾತ್ರ ಪೆನ್‌ಡ್ರೈವಿನಲ್ಲಿ ತಂದರೆ ನನ್ನ ಕಂಪ್ಯೂಟರಿನಲ್ಲಿ ಅವರ ವಾದ್ಯಗಳು ಸಿಗದೆ ಎಲ್ಲವೂ ಪಿಯಾನೋ ಆಗಿಬಿಡುತ್ತಿದ್ದವು. ಮನೆಯಲ್ಲೇ ಆಡಿಯೋ ಮಾಡಿಕೊಳ್ಳಲು ಅವರಿಗೆ ಬರುತ್ತಿರಲಿಲ್ಲ, ಅದಕ್ಕೆ ಇಡೀ ಸಿಪಿಯು ಡಬ್ಬಿಯನ್ನೇ ಆಸ್ಪತ್ರೆಯ ಕೆಂಪು ಕಂಬಳಿಯಲ್ಲಿ ಸುತ್ತಿ, ಈ-ರಿಕ್ಷಾದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಬರುತ್ತಿದ್ದರು. ರಿಕ್ಷಾದವನಿಗೆ ದಾರಿಯುದ್ದಕ್ಕೂ "ಗುಂಡಿ ನೋಡ್, ಧೀರೇ, ನಿಧಾನ" ಎಂದು ಹೇಳುತ್ತ. ನನ್ನ ಮಾನಿಟರಿಗೆ ತಂತಿ ಸಿಕ್ಕಿಸಿ, ಆಡಿಯೋ ಫೈಲ್ ಮಾಡಿ, ಆಮೇಲೆ ನನ್ನ ಕಂಪ್ಯೂಟರಿಗೆ ಹಾಕಿಕೊಂಡು ಡಿಸ್ಕಿಗೆ ಬರೆಯುವುದು. ಇದು ತಿಂಗಳಿಗೊಮ್ಮೆ ನಡೆಯುವ ಕೆಲಸ. ಆ ದಿನ ಅಂಗಡಿಗೆ ಬೇರೆ ಯಾರಾದರೂ ಬಂದರೆ ಅವರ ಗ್ರಹಚಾರ.

ಮೊದಲ ಸಲ ನಾನು ಎಂಪಿತ್ರೀ ಮಾಡಿಕೊಟ್ಟೆ. ಎಲ್ಲರೂ ಅದನ್ನೇ ಕೇಳುತ್ತಾರೆ. ಸಿಸ್ಟರ್ ತೂಕ ಕೇಳಿದರು. ಮೂರು ಎಂದೆ.

"ಮತ್ತ ಅದರ ಮ್ಯಾಲಿಂದು ಮೂವತ್ತಮೂರು ಅಂತ ತೋರಿಸಾಕತ್ತೈತಿ?"

"ಅದು ವೇವ್ ಫೈಲ್ರಿ. ಹಿಸುಕಲಾರದ್ದು. ಇದು ಹಿಸುಕಿದ್ದು. ಕೇಳಾಕ ಎರಡೂ ಒಂದ."

"ಮೂವತ್ತಮೂರು ಇದ್ದ ಕೂಸು ಮೂರಕ್ಕ ಇಳೀತಂದ್ರ ಅದನ್ನ ಕೇಳಾಕ ಅಲ್ಲ, ಪೆಟ್ಟಿಗಿಯಾಗ ಇಡಬೇಕು. ಇದು ಉಳಿಯೂದಿಲ್ಲ. ದೊಡ್ಡದ ಕೊಡು."

ಅಂದಿನಿಂದ ಅವರಿಗೆ ವೇವ್ ಫೈಲೇ, ಅದೂ ಡಿಸ್ಕಿನಲ್ಲೇ. ಈ ಕಾಲದಲ್ಲಿ ಡಿಸ್ಕ್ ಯಾರು ಕೇಳುತ್ತಾರೆ ಎಂದು ನಾನು ಹೇಳಿದ್ದುಂಟು. ಗೋದೌಲಿಯಾದ ಹೋಲ್‌ಸೇಲ್ ಅಂಗಡಿಯಲ್ಲಿ ಖಾಲಿ ಡಿಸ್ಕಿನ ಡಬ್ಬಿ ಕೇಳಿದರೆ ಅಂಗಡಿಯವನು ನನ್ನನ್ನು ಅಜ್ಜನನ್ನು ನೋಡುವಂತೆ ನೋಡುತ್ತಿದ್ದ. ಸಿಸ್ಟರ್ ಮಾತ್ರ "ಕೈಯಾಗ ಹಿಡಿಯಾಕ ಬರಬೇಕು" ಎನ್ನುತ್ತಿದ್ದರು. ಡಿಸ್ಕಿನ ಮೇಲೆ ಮಾರ್ಕರಿನಿಂದ ಹುಟ್ಟಿದ ಹೊತ್ತು, ತೂಕ ಬರೆದು ಸಿಕ್ಕಿದವರಿಗೆಲ್ಲ ಹಂಚುತ್ತಿದ್ದರು. ರಿಕ್ಷಾದವನು ಅದನ್ನು ಕನ್ನಡಿಗೆ ಕಟ್ಟಿಕೊಂಡ. ತರಕಾರಿಯವಳು ಮಂಗ ಬಾರದಿರಲೆಂದು ಬುಟ್ಟಿಯ ಮೇಲೆ ತೂಗುಬಿಟ್ಟಳು. ಸಿಸ್ಟರ್ ಅದನ್ನೆಲ್ಲ ನೋಡಿದ್ದರು. "ಹೊಳೀತದಲ್ಲ, ಇರಲಿ ಬಿಡು," ಎಂದರು.

ಸಂಗೀತ ಹೇಗಿತ್ತು ಎಂದು ಕೇಳಿದರೆ ಸುಳ್ಳು ಹೇಳಲಾರೆ. ಕುಂಟುತ್ತಿತ್ತು. ಒಂದು ಸ್ವರ ಬರುತ್ತದೆ, ಆಮೇಲೆ ಏನೋ ಬರಬೇಕು ಅನ್ನಿಸುತ್ತದೆ, ಬರುವುದಿಲ್ಲ, ಆಮೇಲೆ ಇನ್ನೊಂದು ಸ್ವರ. ಮೆಟ್ಟಿಲು ಇಳಿಯುವಾಗ ನಡುವೆ ಒಂದು ಮೆಟ್ಟಿಲು ಇಲ್ಲದ ಹಾಗೆ. ಇಪ್ಪತ್ತಾರು ಡಿಸ್ಕ್ ಬರೆದುಕೊಟ್ಟೆ, ಇಪ್ಪತ್ತಾರೂ ಹಾಗೇ. ವಯಸ್ಸಾದವರು, ಮಾಡಿಕೊಳ್ಳಲಿ ಎಂದು ಸುಮ್ಮನಿದ್ದೆ.

ಇಪ್ಪತ್ತೇಳನೆಯದು ನೀಲವ್ವನದು.

ಸೋನಾರ್‌ಪುರದಿಂದ ಗಂಗೆಯ ಕಡೆ ಇಳಿಯುವ ಗಲ್ಲಿಯಲ್ಲಿ ಒಂದು ಛತ್ರವಿದೆ. ನಮ್ಮ ಕಡೆಯಿಂದ ಕಾಶಿಯಲ್ಲೇ ಸಾಯಬೇಕೆಂದು ಬಂದ ಅಜ್ಜಿಯರು ಹತ್ತು ಹನ್ನೆರಡು ಜನ ಅಲ್ಲಿರುತ್ತಾರೆ. ನನ್ನ ಅಪ್ಪ ಅಲ್ಲಿ ಅಡುಗೆಯವರಾಗಿದ್ದರು, ನಾನು ಬೆಳೆದದ್ದೂ ಅಲ್ಲೇ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ನನ್ನ ಕನ್ನಡ ಆ ಅಜ್ಜಿಯರು ಕೊಟ್ಟದ್ದು. ಸಿಸ್ಟರ್ ವಾರಕ್ಕೆ ಎರಡು ಸಲ ಅಲ್ಲಿಗೆ ಹೋಗಿ ಎಲ್ಲರ ಬಿಪಿ ನೋಡುತ್ತಿದ್ದರು.

ನೀಲವ್ವ ಗುಳೇದಗುಡ್ಡದವಳು. ಅವಳ ಗಂಡ ಮಗ್ಗದ ಕೆಲಸದವನು, ಕುಪ್ಪಸದ ಖಣ ನೇಯುತ್ತಿದ್ದ. ಅವನು ನೇಯುವಾಗ ಪಕ್ಕದಲ್ಲಿ ಕುಳಿತು ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುವುದು ಇವಳ ಕೆಲಸ. ಗಂಡ ಹೋದ ಮೇಲೆ ಕಾಶಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಸಾವು ಬಾರದಿದ್ದುದಕ್ಕೆ ಅವಳಿಗೆ ಸಿಸ್ಟರ್ ಮೇಲೆ ಸಿಟ್ಟು.

"ನರ್ಸವ್ವಾ, ಎಷ್ಟೈತಿ ಇವತ್ತ?"

"ನೂರಾ ಇಪ್ಪತ್ತು, ಎಂಬತ್ತು. ಹುಡುಗೀ ಬಿಪಿ."

"ಹಾಂಗಾದ್ರ ಈ ವಾರನೂ ಇಲ್ಲ."

"ಈ ವಾರ ಇಲ್ಲವ್ವಾ. ಮುಂದಿನ ವಾರ ನೋಡೂಣು."

ಬಿಪಿ ಪಟ್ಟಿ ಕೈಗೆ ಬಿಗಿಯುವಾಗ ನೀಲವ್ವ ಬಾಯಲ್ಲಿ ಒಂದು ರಾಗ ಗುನುಗುತ್ತಿದ್ದಳು. ಮಾತಿಲ್ಲ, ಬರೀ ಹೂಂ ಹೂಂ. ರಾಟೆ ತಿರುಗಿಸುವಾಗ ತಾನಾಗಿ ಬಂದದ್ದಂತೆ, ಯಾರೂ ಕಲಿಸಿದ್ದಲ್ಲ. ಒಂದು ದಿನ ಅವಳು ಹೇಳಿದಳು, "ನನಗ ಹೋಗೂವಾಗ ಕಿವ್ಯಾಗ ಮಂತ್ರಾ ಬ್ಯಾಡ. ಇದನ್ನ ಕೇಳಿಸ್ರಿ. ಆದ್ರ ನಾನ ಗುನುಗಬೇಕಲ್ಲ, ಆಗ ಉಸಿರು ಎಲ್ಲಿರ್ತದ?"

ಸಿಸ್ಟರ್ ಮಾತು ಕೊಟ್ಟರು. "ನಾ ಮಾಡಿ ಕೊಡ್ತೀನವ್ವಾ. ಡಿಸ್ಕಿನ್ಯಾಗ. ನೀ ಹೋಗೂದ್ರಾಗ ಕೊಡ್ತೀನಿ."

ಅದಕ್ಕೆ ಎರಡು ತಿಂಗಳು ಹಿಡಿಯಿತು. ಬಿಪಿ ಚೀಟಿಯ ಹಿಂದೆ ರಾಗದ ಏರಿಳಿತವನ್ನು ಗೆರೆ ಎಳೆದುಕೊಂಡು ಬರುವುದು, ಮನೆಯಲ್ಲಿ ಚಾರ್ಟಿಗೆ ತುಂಬುವುದು, ಮತ್ತೆ ಹೋಗಿ ಗುನುಗಿಸುವುದು. ಕೊನೆಗೆ ಸಿಪಿಯು ಕಂಬಳಿಯಲ್ಲಿ ಬಂತು. ಫ್ಯಾನ್ ಆರಿತು. ನಾಲ್ಕು ನಿಮಿಷ ನಲವತ್ತು ಸೆಕೆಂಡು, ನಲವತ್ತೇಳು ಎಂಬಿ.

"ಇಲ್ಲೀತನಕ ಇಷ್ಟು ತೂಕದ್ದು ಹುಟ್ಟಿಲ್ಲ," ಎಂದು ಸಿಸ್ಟರ್ ನೋಟ್‌ಬುಕ್ಕಿನಲ್ಲಿ ಕೆಳಗೆ ಎರಡು ಗೆರೆ ಎಳೆದರು.

ಛತ್ರದಲ್ಲಿ ಯಾರೋ ದಾನ ಕೊಟ್ಟ ಒಂದು ಡಿವಿಡಿ ಪ್ಲೇಯರ್ ಇದೆ. ಫೋನ್ ಒತ್ತಲು ಬಾರದ ಅಜ್ಜಿಯರಿಗೂ ಅದರ ದೊಡ್ಡ ಗುಂಡಿ ಒತ್ತಲು ಬರುತ್ತದೆ. ಡಿಸ್ಕ್ ಹಾಕಿದೆ. ನೀಲವ್ವ ಕಣ್ಣು ಮುಚ್ಚಿ ಗೋಡೆಗೆ ಒರಗಿ ನಾಲ್ಕು ನಿಮಿಷ ನಲವತ್ತು ಸೆಕೆಂಡು ಕೇಳಿದಳು. ಮುಗಿಯಿತು. ಕಣ್ಣು ತೆರೆದಳು.

"ಮಗ್ಗ ಎಲ್ಲಿ?"

"ಐತಲ್ಲವ್ವಾ," ಎಂದರು ಸಿಸ್ಟರ್. "ಖಟ್ ಖಟ್ ಅಂತ. ಅದರ ಮ್ಯಾಲ ಕುಂದರಿಸಿದ್ದ ನಾ ಹಾಡು."

"ಇಲ್ಲ."

ಮತ್ತೆ ಹಾಕಿದೆ. ಇರಲಿಲ್ಲ. ಸಿಸ್ಟರ್ ಪ್ಲೇಯರಿಗೆ ಕಿವಿ ಹಚ್ಚಿ ಕೇಳಿದರು. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ತಾಳ ಎಲ್ಲಿ ಹಾಕಿದಿ?"

"ನಾ ಯಾಕ ತಗೀಲಿ ಸಿಸ್ಟರ್?"

"ಹಿಸುಕಬ್ಯಾಡ ಅಂದ್ರೂ ಹಿಸುಕಿದಿ. ಹಿಸುಕಿ ತಾಳಾ ಉದುರಿಸಿದಿ."

ಅಜ್ಜಿಯರೆಲ್ಲ ನನ್ನನ್ನು ನೋಡಿದರು. ಒಬ್ಬಳು "ಇವರಪ್ಪನೂ ಸಾರಿಗೆ ಉಪ್ಪು ಮರೀತಿದ್ದ" ಎಂದಳು.

ನನಗೆ ಸಿಟ್ಟು ಬಂತು. ಮರುದಿನ ಅಂಗಡಿಯಲ್ಲಿ ಸಿಪಿಯು ಹಚ್ಚಿ ಪರದೆ ತೋರಿಸಿದೆ. ಸಾಲು ಎಣಿಸಿದೆ. ಕೊಳಲು, ತಂತಿ, ಗಂಟೆ, ಇನ್ನೊಂದು ಕೊಳಲು. ತಾಳದ ಸಾಲೇ ಇಲ್ಲ. "ನೀವ ಹಾಕಿಲ್ಲ ಸಿಸ್ಟರ್." "ಹಾಕೀನಿ. ದಿನಾ ಕೇಳೀನಿ." "ಕೇಳಿಸ್ರಿ ಹಂಗಾದ್ರ." "ಇಲ್ಲಿ ಬರೂದಿಲ್ಲ, ನಿನ್ನ ಅಂಗಡ್ಯಾಗ ಏನೋ ಐತಿ. ಮನಿಗೆ ಬಾ."

ಅವರ ಕೋಣೆ ಅಂಗಡಿಯಿಂದ ಅರ್ಧ ಮೈಲಿ ದೂರದ ಗಲ್ಲಿಯಲ್ಲಿ, ಮೊದಲ ಮಹಡಿ. ಸಿಪಿಯು ನಾನೇ ಹೊತ್ತುಕೊಂಡು ಹೋದೆ. ಹಚ್ಚಿ ಹಾಡು ಬಿಟ್ಟರು. ತಾಳ ಇತ್ತು. ಖಟ್, ಖಟಾಕ್, ಧಡ್. ಖಟ್, ಖಟಾಕ್, ಧಡ್. ಕುಂಟುತ್ತಿದ್ದ ಹಾಡು ನೆಟ್ಟಗೆ ನಡೆಯುತ್ತಿತ್ತು. ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಈಗ ಹೇಳು."

ನಾನು ಹೇಳುವ ಮೊದಲೇ ಹೊರಗೆ ನಮಾಜಿನ ಕರೆ ಕೇಳಿತು. ಖಟ್ ನಿಂತುಹೋಯಿತು. ಹಾಡು ಮಾತ್ರ ಮುಂದೆ ಹೋಗುತ್ತಿತ್ತು, ಒಂದು ಮೆಟ್ಟಿಲು ಇಲ್ಲದ ಹಾಗೆ.

ಸಿಸ್ಟರ್ ಪರದೆ ನೋಡಿದರು. ಗೋಡೆ ನೋಡಿದರು. ಗೋಡೆಯ ಆಚೆ, ಗಲ್ಲಿಯವರೆಲ್ಲ ಚಾಚಾ ಎನ್ನುವ ಮುದುಕರ ಮನೆ. ಚಾಚಾ ಬನಾರಸಿ ಸೀರೆ ನೇಯುವವರು, ಕೆಳಗಿನ ಅಂತಸ್ತಿನಲ್ಲಿ ಕುಳಿಯಲ್ಲಿ ಕಾಲಿಟ್ಟು ಕೂತು ನೇಯುವ ಕೈಮಗ್ಗ. ಹನ್ನೊಂದು ವರ್ಷದಿಂದ ಆ ಸದ್ದು ಈ ಕೋಣೆಯಲ್ಲಿ ಸುಣ್ಣದ ಬಣ್ಣದ ಹಾಗೆ ಇದ್ದೇ ಇತ್ತು. ಸಿಸ್ಟರ್ ಇಪ್ಪತ್ತೇಳು ಹಾಡುಗಳನ್ನೂ ಅದರ ಮೇಲೆ ಕೂರಿಸಿದ್ದರು. ಮಗ್ಗ ಮಾತ್ರ ಫೈಲಿನೊಳಗೆ ಎಂದೂ ಹೋಗಿರಲಿಲ್ಲ.

ಸಿಸ್ಟರ್ ಸ್ಪೀಕರ್ ಆರಿಸಿದರು. ಆಮೇಲೆ "ಅದಕ್ಕ ಕಿವಿ ಇಲ್ಲ ಅಂತ ನೀ ಹೇಳಿದ್ದಿ ಹೌದಿಲ್ಲೋ," ಎಂದರು.

"ಹೇಳಿದ್ದೆ."

"ಜೋರಾಗಿ ಹೇಳಬೇಕಿತ್ತು."

ಇನ್ನೂ ಇಪ್ಪತ್ತು ಸಲ ಇದನ್ನು ಹೇಳಿ ನಗಬಹುದಿತ್ತು. ನಗಲು ಪುರುಸೊತ್ತು ಇರಲಿಲ್ಲ. ಆ ಶುಕ್ರವಾರ ನೀಲವ್ವ ಊಟ ಬಿಟ್ಟಳು. ಮಂಗಳವಾರಕ್ಕೆ ನೀರೂ ಗುಟುಕು ಗುಟುಕಾಯಿತು. ಸಿಸ್ಟರ್ ಬಿಪಿ ನೋಡಿ ಅಂಗಡಿಗೆ ಬಂದರು, ಕಂಬಳಿ ಇಲ್ಲದೆ, ಬರಿಗೈಯಲ್ಲಿ.

"ಮ್ಯಾಲಿಂದು ತೊಂಬತ್ತಕ್ಕ ಬಂದೈತಿ. ಇಂಥಾ ಮಾರಿ ನಾ ಭಾಳ ನೋಡೀನಿ. ನಾಕು ದಿನ, ಐದು ದಿನ. ಮಾತು ಕೊಟ್ಟೀನಿ ತಮ್ಮಾ. ಮಗ್ಗ ಇಲ್ದ ಹೆಂಗ ಕಳಿಸಲಿ ಆಕಿನ್ನ?"

ಅಂಗಡಿಗೆ ಶಟರ್ ಎಳೆದೆ. ಚಾಚಾನ ಮನೆಗೆ ಹೋದೆವು.

ಚಾಚಾ ಹೇಳಿದ್ದು ಕೇಳಿ ನಮಗೆ ಇನ್ನೂ ಅವಸರವಾಯಿತು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳು, ಅಂದೇ ಮುಗಿಯುವುದಿತ್ತು. ಸೀರೆಯ ಕೊನೆಯ ಎರಡು ಬೆರಳು ಉಳಿದಿತ್ತು. ಅದು ಮುಗಿದರೆ ಹೊಸ ಹಾಸು ಏರಿಸಿ ಒಂದೊಂದು ಎಳೆಯನ್ನೂ ಜೋಡಿಸಲು ಹನ್ನೆರಡು ದಿನ. ಅಲ್ಲಿಯವರೆಗೆ ಮಗ್ಗ ಮಾತಾಡುವುದಿಲ್ಲ.

"ಖಾಲಿ ಮಗ್ಗಾನ ಬಡೀರಿ ಚಾಚಾ, ಸುಮ್ನ," ಎಂದೆ ಹಿಂದಿಯಲ್ಲಿ.

"ಖಾಲಿ ಮಗ್ಗಕ್ಕೆ ಬೇರೆ ದನಿ ಬೇಟಾ," ಎಂದರು ಚಾಚಾ. "ಮಗ್ಗದ ಪಕ್ಕ ಕೂತವಳು ಕೇಳುತ್ತಾಳೆ ಅಂತೀರಿ. ಅವಳಿಗೆ ಗೊತ್ತಾಗುತ್ತದೆ."

ಮೊದಲು ನಾನು ಜಾಣತನ ಮಾಡಿದೆ. ಮಗ್ಗವನ್ನಷ್ಟೇ ಫೋನಿನಲ್ಲಿ ರೆಕಾರ್ಡ್ ಮಾಡಿ, ಕಂಪ್ಯೂಟರಿಗೆ ಹಾಕಿ, ಹಾಡಿನ ಕೆಳಗೆ ಅಂಟಿಸಿದೆ. ಒಂದು ನಿಮಿಷ ಚೆನ್ನಾಗಿತ್ತು. ಎರಡನೇ ನಿಮಿಷಕ್ಕೆ ಮಗ್ಗ ಒಂದು ಕಡೆ, ಹಾಡು ಒಂದು ಕಡೆ. ಕಂಪ್ಯೂಟರ್ ಗಡಿಯಾರದಂತೆ ನಡೆಯುತ್ತದೆ, ಮನುಷ್ಯ ಹಾಗೆ ನೇಯುವುದಿಲ್ಲ. ಅಷ್ಟರಲ್ಲಿ ಎರಡು ಬೆರಳಿನಲ್ಲಿ ಅರ್ಧ ಬೆರಳು ಹೋಯಿತು.

ಸಿಸ್ಟರ್ ಹೇಳಿದ ಉಪಾಯವೇ ಸರಿಯಾಯಿತು. ಸ್ಪೀಕರನ್ನು ಉದ್ದ ವೈರಿನಿಂದ ಕಿಟಕಿಯಾಚೆ ಇಳಿಬಿಟ್ಟು ಚಾಚಾನ ಕಿಟಕಿಗೆ ತಂದೆವು. ಹಾಡು ಅಲ್ಲಿ ಕೇಳಬೇಕು, ಚಾಚಾ ಅದನ್ನು ಕೇಳುತ್ತ ನೇಯಬೇಕು, ಎರಡನ್ನೂ ನನ್ನ ಫೋನು ಒಟ್ಟಿಗೆ ಹಿಡಿಯಬೇಕು. ಫೋನನ್ನು ರೇಷ್ಮೆ ಲಡಿಗಳ ಮೇಲೆ ಮಲಗಿಸಿದೆ. ಈ ಸಲ ಕಿವಿ ಇತ್ತು. ಇದನ್ನು ಸಿಸ್ಟರಿಗೆ ಬಿಡಿಸಿ ಹೇಳಿದೆ.

"ನೋಡ್ರಿ, ಇಷ್ಟು ದಿನ ಆರಿಸಿದ ಫ್ಯಾನೆಲ್ಲ ದಂಡ. ಇವತ್ತ ಮಾತ್ರ ಖರೇನ ಸುಮ್ನಿರಬೇಕು. ಕೆಮ್ಮಿದ್ರೂ ಬರ್ತದ."

"ನನಗ ಹೇಳ್ತೀ ಇದನ್ನ?" ಎಂದರು ಸಿಸ್ಟರ್. ಬೀಗ ಹಾಕಿಕೊಂಡವರಂತೆ ತುಟಿ ಬಿಗಿದು ಮೂಲೆಯಲ್ಲಿ ನಿಂತರು.

ಮೊದಲ ಸಲ ಎರಡು ನಿಮಿಷಕ್ಕೆ ಎಳೆ ಕಡಿಯಿತು. ಎರಡನೇ ಸಲ ಕರೆಂಟು ಹೋಯಿತು. ಮೂರನೇ ಸಲಕ್ಕೆ ಸೀರೆ ಕೊನೆಗೆ ಬಂದಿತ್ತು, ಇನ್ನೊಂದು ಸಲಕ್ಕೆ ನೂಲಿಲ್ಲ. ಚಾಚಾ ಬಿಸ್ಮಿಲ್ಲಾ ಎಂದು ಶುರು ಮಾಡಿದರು. ಒಂದು ನಿಮಿಷ. ಎರಡು. ಹಾಡೂ ಮಗ್ಗವೂ ಒಂದೇ ಮೈಯಾಗಿ ಹೋಗುತ್ತಿದ್ದವು. ಮೂರನೇ ನಿಮಿಷ ದಾಟಿದ ಮೇಲೆ ಚಾಚಾಗೆ ಸುಸ್ತಾಯಿತು. ಬೆಳಗಿನಿಂದ ನೇಯುತ್ತಿದ್ದವರು, ವಯಸ್ಸೂ ಆಗಿತ್ತು. ಕೈ ಒಂದು ಕೂದಲೆಳೆ ಹಿಂದೆ ಬಿತ್ತು. ಆಗ ಮೂಲೆಯಿಂದ ಇಡೀ ವಾರ್ಡಿಗೆ ಕೇಳುವ ದನಿ ಬಂತು.

"ಜೋರ್ ಲಗಾವೋ. ಜೋರ್. ಬಸ್ ಥೋಡಾ ಔರ್, ಬೇಟಾ, ಥೋಡಾ ಔರ್... ಹಾಂ... ಶಾಬಾಶ್."

ಜೋರು ಹಾಕು, ಇನ್ನೊಂದಿಷ್ಟೇ ಎಂದು ಮೂವತ್ತು ವರ್ಷ ಹೆರುವ ಹೆಂಗಸರಿಗೆ ಹೇಳಿದ ಮಾತು, ಬಾಯಿಗೆ ತಾನಾಗಿ ಬಂದಿತ್ತು. ಚಾಚಾ ಅವರಿಗಿಂತ ನಾಲ್ಕು ವರ್ಷ ದೊಡ್ಡವರು, ಆದರೂ ಬೇಟಾ ಎನ್ನಿಸಿಕೊಂಡು ಜೋರು ಹಾಕಿದರು. ತಾಳ ಹಿಡಿದರು. ಹಾಡು ಮುಗಿಯಿತು, ಸೀರೆಯೂ ಮುಗಿಯಿತು.

ನಾನು ಫೋನ್ ಎತ್ತಿಕೊಂಡು ಕೇಳಿದೆ.

"ಬಂದೈತಿ ಸಿಸ್ಟರ್."

"ಮಗ್ಗ?"

"ಮಗ್ಗನೂ. ನಿಮ್ಮ ದನಿನೂ."

ಸಿಸ್ಟರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಈಗ ಮುಚ್ಚಿಕೊಂಡು ಏನು ಪ್ರಯೋಜನ ಎಂದು ಹೇಳಿಯೂಬಿಟ್ಟೆ. "ತಗಿಯಾಕ ಬರ್ತದೇನು?" ಎಂದು ಕೇಳಿದರು. ಬರುವುದಿಲ್ಲ, ಎಲ್ಲ ಒಂದೇ ಫೋನಿನಲ್ಲಿ ಬಂದದ್ದು, ನಿಮ್ಮನ್ನು ಕತ್ತರಿಸಿದರೆ ಅಷ್ಟು ಮಗ್ಗವೂ ಹೋಗುತ್ತದೆ ಎಂದೆ. "ಹಾಂಗಾದ್ರ ಇರಲಿ, ಮಗ್ಗ ಬೇಕು," ಎಂದರು. ಚಾಚಾ ನಗುತ್ತ ಕೇಳಿದರು, "ಸಿಸ್ಟರ್‌ಜಿ, ಗಂಡೋ ಹೆಣ್ಣೋ?"

ವೇವ್ ಫೈಲ್ ಮಾಡಿದೆ. ತೂಕ ಹೇಳಿದೆ. ನಲವತ್ತೇಳು.

"ಅಷ್ಟ? ಮಗ್ಗ ಬಂತು, ಚಾಚಾ ಬಂದ, ನಾ ಬಂದೆ. ತೂಕ ಹೆಚ್ಚಾಗಲಿಲ್ಲೇನು?"

"ಉದ್ದ ಅಷ್ಟ ಐತಲ್ರಿ. ಒಳಗ ಏನಿದ್ರೂ ಅದಕ್ಕ ಅಷ್ಟ ತೂಕ."

ಅದನ್ನು ಅವರು ಒಪ್ಪಲಿಲ್ಲ. ಕೊನೆಯವರೆಗೂ ಒಪ್ಪಲಿಲ್ಲ.

ಡಿಸ್ಕ್ ಬರೆದು ಅದೇ ಸಂಜೆ ಛತ್ರಕ್ಕೆ ಓಡಿದೆವು. ಪ್ಲೇಯರನ್ನು ನೀಲವ್ವನ ಹಾಸಿಗೆಯ ಪಕ್ಕ ತಂದಿಟ್ಟೆ. ಅವಳು ಕಣ್ಣು ತೆರೆಯಲಿಲ್ಲ. ಖಟ್, ಖಟಾಕ್, ಧಡ್ ಎಂದಿತು. ಸ್ವಲ್ಪ ಹೊತ್ತಿಗೆ ಹೊದಿಕೆಯ ಮೇಲಿದ್ದ ಬಲಗೈ ಅಲ್ಲಾಡಿತು. ಗಾಳಿಯಲ್ಲಿ ರಾಟೆ ತಿರುಗಿಸುತ್ತಿತ್ತು. ಎಡಗೈ ನೂಲು ಹಿಡಿದಿತ್ತು. ಸಿಸ್ಟರ್ ನಾಡಿಯ ಮೇಲೆ ಬೆರಳಿಟ್ಟು ತಲೆ ತಗ್ಗಿಸಿ ಕುಳಿತಿದ್ದರು. ಅಜ್ಜಿಯರೆಲ್ಲ ಸುತ್ತ ಕೂತು ಗಂಗಾಜಲದ ಲೋಟ ಹಿಡಿದು ಕಾಯುತ್ತಿದ್ದರು. ನನಗೂ ಇನ್ನೇನು ಮುಗಿಯಿತು ಅನ್ನಿಸಿತು.

ಮೂರು ನಿಮಿಷ ದಾಟಿತು. "ಜೋರ್ ಲಗಾವೋ" ಎಂದಿತು ಪ್ಲೇಯರು.

ನೀಲವ್ವ ಕಣ್ಣು ತೆರೆದಳು.

"ಯಾರ ಹಡ್ಯಾಕತ್ತಾರ?"

ಗಂಗಾಜಲ ಹಿಡಿದಿದ್ದ ಅಜ್ಜಿ ಮೊದಲು ನಕ್ಕಳು. ಆಮೇಲೆ ಎಲ್ಲರೂ. ಹಲ್ಲಿಲ್ಲದ ಹನ್ನೊಂದು ಬಾಯಿ. ನೀಲವ್ವನಿಗೂ ನಗು ಬಂತು, ನಗುವಾಗ ಕೆಮ್ಮು ಬಂತು, ಕೆಮ್ಮಿಗೆ ನೀರು ಕೊಟ್ಟರು, ನೀರಿನ ಹಿಂದೆ ಗಂಜಿ ಕೇಳಿದಳು. ಶುಕ್ರವಾರ ಬಿಪಿ ನೂರಾ ಹತ್ತು.

"ಸಾಯಾಕ ಹಾಡು ಕೇಳಿದ್ನಿ ನಾ," ಎಂದು ನೀಲವ್ವ ಸಿಸ್ಟರಿಗೆ ಬೈದಳು. "ಬದುಕಾಕ ಹಚ್ಚಿದಿ. ನಿನ್ನ ಕೈಗುಣಾನ ಅಂಥಾದ್ದು. ಬರೀ ಹಡಿಸಾಕ ಬರ್ತದ."

ಇದಾಗಿ ಎಂಟು ತಿಂಗಳಿಗೆ, ಚಳಿಗಾಲದಲ್ಲಿ, ಸಿಸ್ಟರ್ ಹೋದರು. ಎದೆನೋವು ಮೂರು ದಿನದಿಂದ ಇತ್ತಂತೆ. ತಾವೇ ಬಿಪಿ ನೋಡಿಕೊಂಡಿದ್ದಾರೆ, ಚೀಟಿಯಲ್ಲಿ ಬರೆದಿಟ್ಟಿದ್ದಾರೆ, ಯಾರಿಗೂ ಹೇಳಿಲ್ಲ. ಬೆಳಿಗ್ಗೆ ಕಂಪ್ಯೂಟರಿನ ಸದ್ದಿಲ್ಲವಲ್ಲ ಎಂದು ಗೋಡೆ ಬಡಿದು ನೋಡಿದವರು ಚಾಚಾ. ಇಷ್ಟು ದಿನ ಅವರೂ ಆಚೆಯಿಂದ ಕೇಳುತ್ತಿದ್ದರು ಎಂದು ನನಗೆ ಗೊತ್ತಾದದ್ದು ಅವತ್ತು. ಗಲ್ಲಿಯಲ್ಲಿ ಸಿಸ್ಟರ್ ಕೈಯಲ್ಲಿ ಹುಟ್ಟಿದವರೇ ಹೊತ್ತರು. ಹೆಗಲು ಕೊಡಲು ಜಗಳವಾಯಿತು. ರಿಕ್ಷಾದವನು ಕನ್ನಡಿಯ ಡಿಸ್ಕನ್ನು ಬಿಚ್ಚಿ ತಂದಿದ್ದ. ಏನು ಮಾಡಬೇಕೆಂದು ಅವನಿಗೂ ತಿಳಿಯಲಿಲ್ಲ, ವಾಪಸ್ಸು ಕಟ್ಟಿಕೊಂಡ.

ನೋಟ್‌ಬುಕ್ ನನ್ನ ಹತ್ತಿರ ಇದೆ. ಇಪ್ಪತ್ತೇಳು ಹೆರಿಗೆ. ಹೊತ್ತು, ತೂಕ, ಷರಾ. ಆಮೇಲೆ ಎಂಟು ತಿಂಗಳು ತಿದ್ದುತ್ತಿದ್ದ ಒಂದೇ ಹಾಡು ಮುಗಿದಿರಲಿಲ್ಲ. ಕೊನೆಯದರ ಮುಂದೆ ಹೀಗಿದೆ: "ನಲವತ್ತೇಳು ಎಂಬಿ. ನಾರ್ಮಲ್ ಡೆಲಿವರಿ. ನರ್ಸ್ ಗದ್ದಲ ಮಾಡಿದಳು."

ಸುದ್ದಿ ಹೇಳಲು ಛತ್ರಕ್ಕೆ ನಾನೇ ಹೋಗಿದ್ದೆ. ನೀಲವ್ವ ಎದ್ದು ಕುಳಿತಳು. ಆಮೇಲೆ ಸಿಟ್ಟಾದಳು.

"ಪಾಳಿ ನಂದಿತ್ತು. ಹದಿಮೂರು ವರ್ಷದಿಂದ ನಿಂತೀನಿ. ನಡುವ ಹೊಕ್ಕಳು ನೋಡು."

ಅವಳು ಇನ್ನೂ ಇದ್ದಾಳೆ. ದಿನಾ ಮಧ್ಯಾಹ್ನ ಡಿಸ್ಕ್ ಹಾಕಿಸುತ್ತಾಳೆ. ಅದು ಗೀರು ಬಿದ್ದು ಬಿದ್ದು ಮೂರು ತಿಂಗಳಿಗೆ ಹಾಳಾಗುತ್ತದೆ, ನಾನು ಇನ್ನೊಂದು ಬರೆದುಕೊಡುತ್ತೇನೆ. ಹೋದ ವಾರ ಹೊಸದು ಕೊಡಲು ಹೋದಾಗ ಅವಳಿಗೆ ಹೇಳಿದೆ: ಚಾಚಾ ಈಗ ಹೊಸ ಸೀರೆ ಹಾಕಿದ್ದಾರೆ, ಮಗ್ಗ ಚೆನ್ನಾಗಿ ನಡೆಯುತ್ತಿದೆ, ನನ್ನ ಹತ್ತಿರ ಒಳ್ಳೆಯ ಮೈಕ್ ಇದೆ. ಎಲ್ಲ ಮತ್ತೆ ರೆಕಾರ್ಡ್ ಮಾಡಿಕೊಡುತ್ತೇನೆ, ನಡುವೆ ನರ್ಸವ್ವನ ಗದ್ದಲ ಇರುವುದಿಲ್ಲ, ಬರೀ ನಿನ್ನ ರಾಗ ಮತ್ತು ಮಗ್ಗ.

ನೀಲವ್ವ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಮಗ್ಗ ಇಲ್ದಿದ್ರೂ ನಡೀತದ ತಮ್ಮಾ," ಎಂದಳು. "ಆಕಿ ಇರಲಿ."

ಹಾಗಾಗಿ ಅದು ಹಾಗೇ ಇದೆ. ಡಿಸ್ಕ್ ಬರೆಯುವಾಗ ಫ್ಯಾನ್ ಆರಿಸುತ್ತೇನೆ. ಸಂಘದವರು ಮೂರು ಪುಟ ಕೇಳಿದ್ದರು, ಎಷ್ಟಾಯಿತೋ ಎಣಿಸಿಲ್ಲ. ನನ್ನ ಹತ್ತಿರ ಹೇಳಲು ಇನ್ನೇನೂ ಇಲ್ಲ.